ಮಗುವಿನ ಒಣಚರ್ಮ, ಉರಿ, ಕೆರೆತ: ಮನೆಯಲ್ಲಿ ಆರೈಕೆ ಮಾಡುವ ಬಗೆ

ಕೆನ್ನೆ ಮುಟ್ಟಿದರೆ ತರಿತರಿ, ಮೊಣಕಾಲ ಮೇಲೆ ಬಿಳಿ ಹೊಟ್ಟು, ನಿದ್ದೆಗಣ್ಣಲ್ಲೂ ಮುಖವನ್ನು ಹಾಸಿಗೆಗೆ ಉಜ್ಜುವ ಮಗು. ಇಂಥ ಹೊತ್ತಿನಲ್ಲಿ ದೊಡ್ಡವರ ಕೈ ಮೊದಲು ಹೋಗುವುದು ಎಣ್ಣೆ ಬಾಟಲಿಗೆ. ಆದರೆ ಒಣಗಿದ ಚರ್ಮದಲ್ಲಿ ಮುಖ್ಯವಾಗಿ ಕಡಿಮೆಯಾಗಿರುವುದು ನೀರು. ಹೊರಪದರ ನೀರನ್ನು ಹಿಡಿದಿಟ್ಟುಕೊಳ್ಳಲಾರದೆ ಬಿಟ್ಟುಕೊಡುತ್ತಿದೆ. ಹಾಗಾಗಿ ಆರೈಕೆಯ ಕೆಲಸ ಎರಡೇ: ಚರ್ಮಕ್ಕೆ ನೀರು ಕುಡಿಸುವುದು, ಅದು ಆರಿಹೋಗುವ ಮೊದಲೇ ಮೇಲೊಂದು ಮುಚ್ಚಳ ಹಾಕುವುದು. ಕೆಳಗೆ ಹೇಳುವುದೆಲ್ಲ ಈ ಎರಡನ್ನು ಸರಿಯಾಗಿ ಮಾಡುವುದು ಹೇಗೆ, ಯಾವುದು ಅದನ್ನು ಕೆಡಿಸುತ್ತದೆ ಎನ್ನುವುದರ ಬಗ್ಗೆಯೇ.

ಎಳೆಯ ಮಕ್ಕಳ ಚರ್ಮದ ಹೊರಪದರ ದೊಡ್ಡವರದಕ್ಕಿಂತ ಸುಮಾರು ಶೇಕಡಾ 30ರಷ್ಟು ತೆಳು. ಸತ್ತ ಜೀವಕೋಶಗಳು ಇಟ್ಟಿಗೆಯಂತೆ, ಅವುಗಳ ನಡುವಿನ ಕೊಬ್ಬು ಗಾರೆಯಂತೆ ಕೂತ ಈ ಗೋಡೆ ಮೊದಲ ವರ್ಷವಿಡೀ ಗಟ್ಟಿಯಾಗುತ್ತಲೇ ಇರುತ್ತದೆ. ಗಾರೆ ತೆಳುವಾದ ಕಡೆ ಒಳಗಿನ ನೀರು ಆವಿಯಾಗಿ ಹೋಗುತ್ತದೆ. ಹೊರಗಿನ ಸೋಪು, ಜೊಲ್ಲು, ಬೆವರು ಒಳಗಿಳಿದು ಉರಿ ಎಬ್ಬಿಸುತ್ತವೆ. ಉರಿ ಎದ್ದಲ್ಲಿ ಮಗು ಕೆರೆಯುತ್ತದೆ, ಕೆರೆದಲ್ಲಿ ಗೋಡೆ ಇನ್ನಷ್ಟು ಬಿರಿಯುತ್ತದೆ. ಕೆಲವು ಮಕ್ಕಳಿಗೆ ಈ ದುರ್ಬಲತೆ ಹುಟ್ಟಿನಿಂದಲೇ ಬಂದಿರುತ್ತದೆ. ಚರ್ಮದ ಪದರ ಕಟ್ಟಲು ಬೇಕಾದ ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ದೋಷವಿದ್ದರೆ ಎಕ್ಸಿಮಾ, ಅಂದರೆ ಇಸುಬು, ಬರುವ ಸಾಧ್ಯತೆ ಹೆಚ್ಚು ಎಂದು 2006ರಲ್ಲಿ ಗೊತ್ತಾಯಿತು. ತಾಯಿ ತಿಂದದ್ದನ್ನೋ, ಸಾಕುವವರ ಅಜಾಗರೂಕತೆಯನ್ನೋ ದೂರುವವರಿಗೆ ಈ ಮಾತು ತಿಳಿದಿರಲಿ.

ಮೊದಲು, ಇದು ಯಾವ ಬಗೆಯದು?

ಹುಟ್ಟಿದ ಒಂದೆರಡು ವಾರದಲ್ಲಿ ಕೈಕಾಲು, ಮಣಿಕಟ್ಟು, ಹೊಟ್ಟೆಯ ಮೇಲಿನ ಚರ್ಮ ತೆಳ್ಳಗೆ ಸಿಪ್ಪೆಯೇಳುವುದು ರೋಗವಲ್ಲ. ಗರ್ಭದಲ್ಲಿ ನೀರಿನಲ್ಲಿದ್ದ ಚರ್ಮ ಗಾಳಿಗೆ ಹೊಂದಿಕೊಳ್ಳುತ್ತಿರುತ್ತದೆ, ಅಷ್ಟೇ. ದಿನ ತುಂಬಿದ ಮೇಲೂ ತಡವಾಗಿ ಹುಟ್ಟಿದ ಮಕ್ಕಳಲ್ಲಿ ಇದು ಹೆಚ್ಚು. ಏಳುತ್ತಿರುವ ಸಿಪ್ಪೆಯನ್ನು ಕಿತ್ತರೆ ಕೆಳಗಿನ ಹಸಿಚರ್ಮ ಬಯಲಾಗುತ್ತದೆ. ಅದು ತಾನಾಗಿ ಉದುರಲಿ.

ಮೂರನೇ ತಿಂಗಳಿನಿಂದ ಆರನೇ ತಿಂಗಳ ಆಸುಪಾಸಿನಲ್ಲಿ ಕೆನ್ನೆ, ನೆತ್ತಿ, ಕೈಕಾಲುಗಳ ಹೊರಬದಿಯಲ್ಲಿ ತುರಿಕೆಯ ಒರಟು ಮಚ್ಚೆಗಳು ಎದ್ದು, ಹೋಗಿ, ಮತ್ತೆ ಬಂದರೆ ಅದು ಎಕ್ಸಿಮಾ ಇರಬಹುದು. ಡೈಪರ್ ಮುಚ್ಚುವ ಜಾಗದಲ್ಲಿ ತೇವ ಇರುವುದರಿಂದ ಎಕ್ಸಿಮಾ ಸಾಮಾನ್ಯವಾಗಿ ಆ ಜಾಗವನ್ನು ಬಿಡುತ್ತದೆ. ಇದೊಂದು ಒಳ್ಳೆಯ ಗುರುತು. ಕಂದು ಅಥವಾ ಕಪ್ಪು ಮೈಬಣ್ಣದ ಮಗುವಿನಲ್ಲಿ ಉರಿಯೂತ ಕೆಂಪಾಗಿ ಕಾಣದೆ ನೇರಳೆ, ಬೂದು ಅಥವಾ ಗಾಢ ಕಂದು ಬಣ್ಣದಲ್ಲಿ ಕಾಣಬಹುದು. ಚಿತ್ರಗಳಲ್ಲಿ ನೋಡಿದ ಕೆಂಪನ್ನೇ ಹುಡುಕುತ್ತ ಕೂತರೆ ವಾರಗಟ್ಟಲೆ ತಪ್ಪಿಹೋಗುತ್ತದೆ. ಕಣ್ಣಿಗಿಂತ ಕೈಯನ್ನು ನಂಬಿ. ಬೆರಳುಗಳ ಹಿಂಬದಿಯನ್ನು ಮಗುವಿನ ಚರ್ಮದ ಮೇಲೆ ಹಗುರವಾಗಿ ಸರಿಸಿದರೆ ಬಿಸಿ, ಒರಟು, ದಪ್ಪ ಮೂರೂ ಗೊತ್ತಾಗುತ್ತವೆ. ವಾಸಿಯಾದ ಮೇಲೆ ಆ ಜಾಗ ಕೆಲವು ತಿಂಗಳು ಬೆಳ್ಳಗೋ ಕಪ್ಪಗೋ ಉಳಿಯಬಹುದು. ಅದು ಕಲೆಯಾಗಿ ನಿಲ್ಲುವುದಿಲ್ಲ, ನಿಧಾನವಾಗಿ ಮೈಬಣ್ಣಕ್ಕೆ ಕೂಡಿಕೊಳ್ಳುತ್ತದೆ.

ಇನ್ನೊಂದು ಗುಂಪು ಒಣಚರ್ಮದ್ದೇ ಅಲ್ಲ. ಕುತ್ತಿಗೆಯ ಮಡಿಕೆ, ಕಂಕುಳು, ತೊಡೆಸಂದಿನಲ್ಲಿ ಬರುವ ಹಸಿಹಸಿ ಕೆಂಪು, ಸೆಕೆಯಲ್ಲಿ ಬೆನ್ನು ಮತ್ತು ಎದೆಯ ಮೇಲೆ ಏಳುವ ಸಣ್ಣ ಬೆವರುಗುಳ್ಳೆ ಇವೆಲ್ಲ ತೇವ ಹೆಚ್ಚಾಗಿ ಬಂದವು. ಒಣಚರ್ಮಕ್ಕೆ ಹಚ್ಚುವ ದಪ್ಪ ಮುಲಾಮನ್ನು ಇವಕ್ಕೂ ಹಚ್ಚಿದರೆ ಬೆವರಿನ ದಾರಿ ಮುಚ್ಚಿ ಹೆಚ್ಚಾಗುತ್ತವೆ. ಮನೆಯಲ್ಲಿ ಆಗುವ ತಪ್ಪುಗಳಲ್ಲಿ ಇದು ಬಹಳ ಸಾಮಾನ್ಯ. ಮಡಿಕೆಯೊಳಗಿನದನ್ನು ಒಣಗಿಸಬೇಕು, ಮಡಿಕೆಯ ಹೊರಗೆ ಒಣಗಿದ್ದನ್ನು ನೆನೆಸಬೇಕು.

ಸ್ನಾನ: ಹತ್ತು ನಿಮಿಷ ದಾಟಬಾರದು

ನೀರು ಚರ್ಮವನ್ನು ಒಣಗಿಸುತ್ತದೆ ಎಂದು ಕೆಲವರು ಸ್ನಾನವನ್ನೇ ನಿಲ್ಲಿಸುತ್ತಾರೆ, ಇನ್ನು ಕೆಲವರು ಅರ್ಧ ಗಂಟೆ ಬಿಸಿನೀರು ಹುಯ್ಯುತ್ತಾರೆ. ಎರಡೂ ಸರಿಯಲ್ಲ. ನೀರಿನಲ್ಲಿರುವಷ್ಟು ಹೊತ್ತು ಹೊರಪದರ ನೀರು ಹೀರುತ್ತದೆ. ಹೊರಬಂದ ಮೇಲೆ ಹಾಗೇ ಬಿಟ್ಟರೆ ಹೀರಿದ್ದಕ್ಕಿಂತ ಹೆಚ್ಚು ಆವಿಯಾಗಿ ಹೋಗುತ್ತದೆ. ಸ್ನಾನ ಒಳ್ಳೆಯದಾಗುವುದೂ ಕೆಟ್ಟದ್ದಾಗುವುದೂ ಅದರ ನಂತರದ ಮೂರು ನಿಮಿಷದಲ್ಲಿ.

ನೀರು 37ರಿಂದ 38 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಉಷ್ಣಮಾಪಕ ಇಲ್ಲದಿದ್ದರೆ ಮೊಣಕೈ ಅದ್ದಿ ನೋಡಿ: ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಅಂಗೈ ಈ ಕೆಲಸಕ್ಕೆ ಬರುವುದಿಲ್ಲ, ದೊಡ್ಡವರ ಅಂಗೈಗೆ ಬಿಸಿ ತಡೆದುಕೊಂಡು ಅಭ್ಯಾಸವಾಗಿರುತ್ತದೆ. ಟಬ್ಬಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಸೇರಿಸಿ ಕಲಕಿ. ಹೆಚ್ಚು ಬಿಸಿಯಾದ ನೀರು ಚರ್ಮದ ಕೊಬ್ಬನ್ನು ಕರಗಿಸಿ ತೊಳೆದುಬಿಡುತ್ತದೆ, ರಕ್ತನಾಳ ಹಿಗ್ಗಿಸಿ ತುರಿಕೆಯನ್ನೂ ಕೆರಳಿಸುತ್ತದೆ. ಸ್ನಾನದ ಹೊತ್ತು ಐದರಿಂದ ಹತ್ತು ನಿಮಿಷ. ಬರೀ ಒಣಚರ್ಮವಿರುವ ಮಗುವಿಗೆ ವಾರಕ್ಕೆ ಎರಡು ಮೂರು ಬಾರಿ ಸ್ನಾನ ಸಾಕು, ಉಳಿದ ದಿನ ಮುಖ, ಕುತ್ತಿಗೆ, ಡೈಪರ್ ಜಾಗ ಒರೆಸಿದರಾಯಿತು. ದಿನವೂ ಮಾಡಿಸುವುದಾದರೆ ಹೊತ್ತು ಕಡಿಮೆ ಇರಲಿ, ಸ್ನಾನವಾದ ಕೂಡಲೇ ಮುಲಾಮು ಹಚ್ಚುವುದು ಒಂದು ದಿನವೂ ತಪ್ಪದಿರಲಿ.

ಸೋಪಿನ ವಿಷಯದಲ್ಲಿ ಕೈ ಬಿಗಿ ಇರಬೇಕು. ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಆಮ್ಲೀಯತೆ ಅಳೆಯುವ ಪಿಎಚ್ ಅಲ್ಲಿ ಸುಮಾರು 5ರಿಂದ 5.5 (ಈ ಅಂಕಿ ಏರಿದಷ್ಟೂ ಆಮ್ಲೀಯತೆ ಕಡಿಮೆ). ಮಾಮೂಲಿ ಸೋಪಿನ ಪಿಎಚ್ 9ರಿಂದ 10. ಪ್ರತಿ ಸಲ ಸೋಪು ಹಚ್ಚಿದಾಗಲೂ ಆ ಆಮ್ಲೀಯತೆ ಹೋಗಿ, ಮರಳಿ ಬರಲು ಗಂಟೆಗಟ್ಟಲೆ ಹಿಡಿಯುತ್ತದೆ. ಮೊದಲ ತಿಂಗಳು ಬರೀ ನೀರು ಸಾಕು. ಆಮೇಲೂ ಸುಗಂಧವಿಲ್ಲದ, ಸೋಪಲ್ಲದ ಕ್ಲೆನ್ಸರ್ ತೆಗೆದುಕೊಂಡು ನಿಜವಾಗಿ ಕೊಳೆಯಾಗುವ ಕಡೆ ಮಾತ್ರ ಹಚ್ಚಿ: ಕುತ್ತಿಗೆ ಮಡಿಕೆ, ಕಂಕುಳು, ಡೈಪರ್ ಜಾಗ, ಅಂಗೈ, ಅಂಗಾಲು. ಅದನ್ನೂ ಸ್ನಾನದ ಕೊನೆಯಲ್ಲಿ ಹಚ್ಚಿ ತೊಳೆದು ಎತ್ತಿಬಿಡಿ. ಮೊದಲೇ ಹಚ್ಚಿದರೆ ಮಗು ಹತ್ತು ನಿಮಿಷ ಸೋಪುನೀರಿನಲ್ಲೇ ಕೂತಂತಾಗುತ್ತದೆ. ನೊರೆ ಏಳಿಸುವ ಸ್ನಾನದ್ರಾವಣ ಬೇಡ. ಕ್ರಿಮಿನಾಶಕ ದ್ರಾವಣವನ್ನು ನೀರಿಗೆ ನಾಲ್ಕು ಹನಿ ಹಾಕುವುದಂತೂ ಖಂಡಿತ ಬೇಡ, ಬಿರಿದ ಚರ್ಮಕ್ಕೆ ಅದು ನೇರವಾಗಿ ಉರಿ. ಉಜ್ಜುವ ಸ್ಪಂಜು, ಒರಟು ಬಟ್ಟೆಯ ಬದಲು ಬರೀ ಕೈ ಬಳಸಿ.

ಸ್ನಾನದ ನೀರಿಗೆ ಬೆರೆಸುವ ಎಣ್ಣೆ, ಎಮೊಲಿಯಂಟ್ (ಚರ್ಮದ ತೇವ ಕಾಯುವ) ದ್ರಾವಣಗಳಿಗೆ ಹಣ ಸುರಿಯುವ ಅಗತ್ಯ ಕಾಣುವುದಿಲ್ಲ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಬೇದ್ (BATHE) ಎಂಬ ಪ್ರಯೋಗದಲ್ಲಿ ಎಕ್ಸಿಮಾ ಇದ್ದ 482 ಮಕ್ಕಳಿಗೆ ಇವನ್ನು ಕೊಟ್ಟು, ಕೊಡದೆ ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆ ಮಕ್ಕಳು ಒಂದು ವರ್ಷ ದಾಟಿದವರು, ಅದಕ್ಕಿಂತ ಚಿಕ್ಕ ಶಿಶುಗಳು ಅದರಲ್ಲಿ ಇರಲಿಲ್ಲ. ಟಬ್ಬು ಜಾರುವ ಅಪಾಯ ಮಾತ್ರ ನಿಶ್ಚಿತ. ಗಡುಸು ನೀರನ್ನು ಮೆದು ಮಾಡುವ ಯಂತ್ರವೂ ಹಾಗೇ, 336 ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದರಿಂದ ಎಕ್ಸಿಮಾ ಕಡಿಮೆಯಾಗಲಿಲ್ಲ.

ಹಚ್ಚುವುದು: ಎಲ್ಲವೂ ನಿಂತಿರುವುದು ಇದರ ಮೇಲೆ

ಸ್ನಾನಕ್ಕೆ ಕೂರಿಸುವ ಮೊದಲೇ ಟವೆಲ್ ಹಾಸಿ, ಮುಲಾಮಿನ ಡಬ್ಬ ತೆರೆದು, ಬಟ್ಟೆ ಪಕ್ಕದಲ್ಲಿಟ್ಟುಕೊಳ್ಳಿ. ಸ್ನಾನವಾದ ಮೇಲೆ ಡಬ್ಬ ಹುಡುಕಲು ಹೋದರೆ ಆ ಮೂರು ನಿಮಿಷ ಅಲ್ಲೇ ಕಳೆಯುತ್ತದೆ, ಮಗುವನ್ನು ಒಂಟಿಯಾಗಿ ಬಿಟ್ಟಂತೆಯೂ ಆಗುತ್ತದೆ. ಮೆತ್ತನೆ ಟವೆಲ್ಲಿನಿಂದ ಒತ್ತಿ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ. ಹನಿ ತೊಟ್ಟಿಕ್ಕಬಾರದು, ಆದರೆ ಮುಟ್ಟಿದರೆ ಚರ್ಮ ತಂಪಾಗಿ, ಸ್ವಲ್ಪ ಒದ್ದೆಯಾಗಿಯೇ ಇರಬೇಕು. ಮಡಿಕೆಗಳನ್ನು ಮಾತ್ರ ಬಿಡಿಸಿ ಪೂರ್ತಿ ಒಣಗಿಸಿ.

ಈಗ ಕೈ ತೊಳೆದುಕೊಂಡು, ಡಬ್ಬದಿಂದ ಸ್ವಚ್ಛ ಚಮಚದಲ್ಲಿ ಬೇಕಾದಷ್ಟು ತೆಗೆದುಕೊಳ್ಳಿ. ಒದ್ದೆ ಬೆರಳನ್ನು ಡಬ್ಬದೊಳಗೆ ಅದ್ದಿದರೆ ಬ್ಯಾಕ್ಟೀರಿಯಾ ಒಳಸೇರಿ, ದಿನವೂ ಅದನ್ನೇ ಬಿರಿದ ಚರ್ಮಕ್ಕೆ ಬಳಿದಂತಾಗುತ್ತದೆ. ಪಂಪ್ ಅಥವಾ ಟ್ಯೂಬ್ ಇದ್ದರೆ ಈ ಚಿಂತೆಯಿಲ್ಲ. ಮುಲಾಮನ್ನು ಅಂಗೈಯಲ್ಲಿ ಕೆಲವು ಕ್ಷಣ ಬೆಚ್ಚಗೆ ಮಾಡಿ, ಮಗುವಿನ ಮೈಮೇಲೆ ಅಲ್ಲಲ್ಲಿ ಬೊಟ್ಟಿಟ್ಟು, ಮೇಲಿನಿಂದ ಕೆಳಕ್ಕೆ, ರೋಮ ಮಲಗಿರುವ ದಿಕ್ಕಿನಲ್ಲಿ ನೇವರಿಸಿ. ಗೋಲಗೋಲವಾಗಿ ತಿಕ್ಕಿ ಮಾಲೀಸು ಮಾಡಿದರೆ, ಕೆಳಗಿನಿಂದ ಮೇಲಕ್ಕೆ ಉಜ್ಜಿದರೆ ಮುಲಾಮು ರೋಮದ ಬುಡಕ್ಕೆ ತುಂಬಿಕೊಂಡು ಒಂದೆರಡು ದಿನದಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ. ಎದ್ದರೆ ಆ ಜಾಗಕ್ಕೆ ಎರಡು ಮೂರು ದಿನ ಬಿಡುವು ಕೊಡಿ. ಪೂರ್ತಿ ಇಂಗುವ ತನಕ ತಿಕ್ಕುವುದು ಬೇಡ. ಮೇಲೆ ತೆಳ್ಳನೆಯ ಹೊಳಪು ಉಳಿದರೆ ಅಳತೆ ಸರಿಯಾಗಿದೆ ಎಂದರ್ಥ, ಅದು ಕೆಲವು ನಿಮಿಷದಲ್ಲಿ ತಾನೇ ಕೂಡಿಕೊಳ್ಳುತ್ತದೆ. ಮುಲಾಮು ಹಚ್ಚಿದ ಮಗು ಮೀನಿನಂತೆ ಜಾರುತ್ತದೆ, ಟವೆಲ್ ಅಥವಾ ಬಟ್ಟೆ ಸುತ್ತಿಯೇ ಎತ್ತಿಕೊಳ್ಳಿ.

ದಿನಕ್ಕೆ ಕನಿಷ್ಠ ಎರಡು ಸಲ. ಸ್ನಾನವಿಲ್ಲದ ಹೊತ್ತಿನಲ್ಲಿ ಒದ್ದೆ ಬಟ್ಟೆಯಿಂದ ಮೈ ಒರೆಸಿ ಹಚ್ಚಬಹುದು. ಕೆನ್ನೆಯಂಥ ಬೇಗ ಒಣಗುವ ಕಡೆಗೆ ಮೂರು ನಾಲ್ಕು ಸಲ ಬೇಕಾಗಬಹುದು. ಅಳತೆಯಲ್ಲಿ ಹಿಂಜರಿಯಬೇಡಿ. ಎಕ್ಸಿಮಾ ಇರುವ ಮಕ್ಕಳಿಗೆ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ ಹೇಳುವುದು ವಾರಕ್ಕೆ 250ರಿಂದ 500 ಗ್ರಾಂ ಎಮೊಲಿಯಂಟ್. ಪುಟ್ಟ ಮೈಗೆ ಅಷ್ಟು ಬೇಕಾಗದು ನಿಜ. ಆದರೆ ಮೈಯೆಲ್ಲ ಒಣಗಿರುವ ಮಗುವಿಗೆ ಕೊಂಡ 50 ಗ್ರಾಂ ಟ್ಯೂಬು ತಿಂಗಳಾದರೂ ಮುಗಿದಿಲ್ಲವೆಂದರೆ ಹಚ್ಚಿದ್ದು ಸಾಲದು. ಯಾವ ಮುಲಾಮೂ ಕೆಲಸ ಮಾಡುತ್ತಿಲ್ಲ ಎನ್ನುವ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಹಚ್ಚಿದ ಕೂಡಲೇ ಮಗು ಕಿರುಚಿದರೆ ಅದು ಹಟವಲ್ಲ. ನೀರಿನಂಶವಿರುವ ಕ್ರೀಮುಗಳಲ್ಲಿ ಕೆಡದಂತೆ ಸೇರಿಸಿದ ರಾಸಾಯನಿಕ ಇರುತ್ತದೆ, ಅದು ಬಿರುಕಿನಲ್ಲಿ ಚುರುಗುಟ್ಟುತ್ತದೆ. ಬಿರುಕು ಮುಚ್ಚುವ ತನಕ ನೀರಿಲ್ಲದ ಮುಲಾಮಿಗೆ, ಉದಾಹರಣೆಗೆ ಬಿಳಿ ಪೆಟ್ರೋಲಿಯಂ ಜೆಲ್ಲಿಗೆ, ಬದಲಾಯಿಸಿ.

ಯಾವುದನ್ನು ಆರಿಸಬೇಕು

ನೀರು ಹೆಚ್ಚಿದ್ದರೆ ಲೋಷನ್, ಅರ್ಧಂಬರ್ಧ ಇದ್ದರೆ ಕ್ರೀಮ್, ಬರೀ ಜಿಡ್ಡಾದರೆ ಮುಲಾಮು. ಜಿಡ್ಡು ಹೆಚ್ಚಿದಷ್ಟು ಮುಚ್ಚಳ ಬಿಗಿ, ರಾಸಾಯನಿಕ ಕಡಿಮೆ, ಆದರೆ ಅಂಟಂಟು ಮತ್ತು ಸೆಕೆ ಹೆಚ್ಚು. ಮುಲಾಮೇ ಶ್ರೇಷ್ಠ ಎಂಬ ಮಾತು ಬಹುಕಾಲದಿಂದ ಇತ್ತು. 2022ರಲ್ಲಿ ಹೊರಬಂದ ಬ್ರಿಟನ್ನಿನ ಒಂದು ಪ್ರಯೋಗ 550 ಮಕ್ಕಳಲ್ಲಿ ಲೋಷನ್, ಕ್ರೀಮ್, ಜೆಲ್, ಮುಲಾಮು ನಾಲ್ಕನ್ನೂ ಹೋಲಿಸಿ, ಎಕ್ಸಿಮಾ ತಗ್ಗಿಸುವುದರಲ್ಲಿ ಒಂದಕ್ಕಿಂತ ಒಂದು ಮೇಲಿಲ್ಲ ಎಂದು ಕಂಡಿತು. ಹಾಗಾಗಿ ದಿನಕ್ಕೆರಡು ಸಲ ಬೇಸರವಿಲ್ಲದೆ ಹಚ್ಚಲು ಆಗುವಂಥದ್ದೇ ನಿಮ್ಮ ಮಗುವಿಗೆ ಸರಿಯಾದದ್ದು. ಹಗಲಿಗೆ ಕ್ರೀಮ್, ರಾತ್ರಿಗೆ ಮುಲಾಮು ಎಂದು ಹಂಚಿಕೊಂಡರೂ ಒಳ್ಳೆಯದೇ.

ಡಬ್ಬದ ಮುಂದಿನ ಬರಹಕ್ಕಿಂತ ಹಿಂದಿನ ಪಟ್ಟಿ ಓದಿ. ‘ಬೇಬಿ’, ‘ನ್ಯಾಚುರಲ್’ ಎನ್ನುವ ಪದಗಳು ಚರ್ಮಕ್ಕೆ ಹಿತ ಎಂಬ ಖಾತರಿ ಕೊಡುವುದಿಲ್ಲ. ‘ಅನ್‌ಸೆಂಟೆಡ್’ ಎಂದಿದ್ದರೂ ಇನ್ನೊಂದು ವಾಸನೆ ಅಡಗಿಸಲು ಸುಗಂಧ ಸೇರಿಸಿರಬಹುದು, ಬೇಕಾದದ್ದು ‘ಫ್ರೇಗ್ರೆನ್ಸ್ ಫ್ರೀ’. ಪಟ್ಟಿಯಲ್ಲಿ ಫ್ರೇಗ್ರೆನ್ಸ್ ಅಥವಾ ಪರ್ಫ್ಯೂಮ್, ಸೋಡಿಯಂ ಲಾರಿಲ್ ಸಲ್ಫೇಟ್, ಮಿಥೈಲ್‌ಐಸೋಥಯಾಜೋಲಿನೋನ್ ಕಂಡರೆ ವಾಪಸ್ಸಿಡಿ. ಕೊನೆಯದನ್ನು ಮೈಮೇಲೆ ಉಳಿಯುವ ಸೌಂದರ್ಯವರ್ಧಕಗಳಲ್ಲಿ ಬಳಸದಂತೆ ಐರೋಪ್ಯ ಒಕ್ಕೂಟ 2017ರಲ್ಲಿ ನಿಷೇಧಿಸಿತು, ಅಷ್ಟು ಅಲರ್ಜಿ ಅದರಿಂದ ಆಗುತ್ತಿತ್ತು. ಒರಟು ಹಿಮ್ಮಡಿಗೆಂದು ದೊಡ್ಡವರು ಹಚ್ಚುವ ಯೂರಿಯಾ, ಸ್ಯಾಲಿಸಿಲಿಕ್ ಆಮ್ಲದ ಕ್ರೀಮುಗಳು ಶಿಶುವಿಗೆ ಕೂಡದು. ಕರ್ಪೂರ, ಮೆಂಥಾಲ್ ಇರುವ ಯಾವುದೂ ಬೇಡ. ತೂಕಕ್ಕೆ ಹೋಲಿಸಿದರೆ ಮಗುವಿನ ಚರ್ಮದ ಹರವು ದೊಡ್ಡವರದಕ್ಕಿಂತ ಎಷ್ಟೋ ಹೆಚ್ಚು, ಆದ್ದರಿಂದ ಮೈಮೇಲೆ ಹಚ್ಚಿದ್ದು ಒಳಸೇರುವ ಪ್ರಮಾಣವೂ ಹೆಚ್ಚು. ಕರ್ಪೂರ ಶಿಶುಗಳಲ್ಲಿ ಫಿಟ್ಸ್ ತರಬಲ್ಲದು.

ಹೊಸದನ್ನು ಮೈಗೆಲ್ಲ ಹಚ್ಚುವ ಮೊದಲು ಮುಂಗೈಯ ಒಳಬದಿಯಲ್ಲಿ ಬಟಾಣಿ ಕಾಳಿನಷ್ಟು ಹಚ್ಚಿ ಎರಡು ದಿನ ನೋಡಿ. ಒಂದೇ ವಾರದಲ್ಲಿ ಮೂರು ಹೊಸ ಡಬ್ಬ ತೆರೆಯಬೇಡಿ, ಕೆರಳಿದರೆ ಯಾವುದರಿಂದ ಎಂದು ಗೊತ್ತಾಗುವುದಿಲ್ಲ.

ಜಿಡ್ಡಿನ ಮುಲಾಮು ಬಟ್ಟೆಗೆ, ಹೊದಿಕೆಗೆ ಹಿಡಿದು ಒಣಗಿದರೆ ಆ ಬಟ್ಟೆಗೆ ಬೆಂಕಿ ತೀರ ಬೇಗ ಹತ್ತುತ್ತದೆ. ಒಗೆದರೂ ಪೂರ್ತಿ ಹೋಗುವುದಿಲ್ಲ. ಮುಲಾಮು ಹಚ್ಚಿದ ಮಗುವನ್ನು ಒಲೆ, ದೀಪ, ಸಿಗರೇಟಿನ ಹತ್ತಿರಕ್ಕೆ ಒಯ್ಯಬೇಡಿ.

ಎಣ್ಣೆ, ಅಡುಗೆಮನೆಯ ಸಾಮಾನು

ಎಣ್ಣೆಗಳೆಲ್ಲ ಒಂದೇ ಅಲ್ಲ. ಆಲಿವ್ ಎಣ್ಣೆಯಲ್ಲಿ ಹೆಚ್ಚಾಗಿರುವ ಓಲಿಕ್ ಆಮ್ಲ ಚರ್ಮದ ಗಾರೆಯನ್ನು ಸಡಿಲಿಸುತ್ತದೆ. ಹಚ್ಚಿದಾಗ ನುಣುಪು ಕಂಡರೂ ಗೋಡೆ ತೆಳುವಾಗುತ್ತದೆ. ಸಾಸಿವೆ ಎಣ್ಣೆ ಉರಿ ತರಿಸುತ್ತದೆ. ಶುದ್ಧ ಕೊಬ್ಬರಿ ಎಣ್ಣೆ ಎಕ್ಸಿಮಾದ ಮಕ್ಕಳಲ್ಲಿ ಖನಿಜ ತೈಲಕ್ಕಿಂತ ಒಳ್ಳೆಯ ಫಲ ಕೊಟ್ಟ ಪ್ರಯೋಗ ಇದೆ, ಆದ್ದರಿಂದ ಎಣ್ಣೆಯೇ ಬೇಕೆನ್ನುವವರು ಒಡೆಯದ, ಬರೀ ಒಣಗಿದ ಚರ್ಮಕ್ಕೆ ಅದನ್ನು ಬಳಸಬಹುದು. ಸ್ನಾನಕ್ಕೆ ಮೊದಲು ಹಚ್ಚಿ ಸೋಪು ಹಾಕಿ ತೆಗೆದರೆ ಏನೂ ಉಳಿಯುವುದಿಲ್ಲ. ಸ್ನಾನವಾದ ಮೇಲೆ ತೆಳ್ಳಗೆ ಹಚ್ಚಬೇಕು.

ಹಿಟ್ಟು, ಹಾಲು, ಕೆನೆ, ಕಾಳಿನ ಎಣ್ಣೆ ಮುಂತಾದ ತಿನ್ನುವ ಪದಾರ್ಥವನ್ನು ಬಿರಿದ ಚರ್ಮಕ್ಕೆ ಹಚ್ಚಬೇಡಿ. ಹೊಟ್ಟೆಯ ಮೂಲಕ ಪರಿಚಯವಾಗಬೇಕಾದ ಪ್ರೋಟೀನು ಒಡೆದ ಚರ್ಮದ ಮೂಲಕ ಒಳಗೆ ಹೋದರೆ ದೇಹ ಅದನ್ನು ಶತ್ರುವೆಂದು ಗುರುತಿಸಬಹುದು. ಕಡಲೆಕಾಯಿ ಎಣ್ಣೆಯಿದ್ದ ಕ್ರೀಮನ್ನು ದದ್ದುಗಳಿಗೆ ಹಚ್ಚಿದ್ದಕ್ಕೂ ಮುಂದೆ ಕಡಲೆಕಾಯಿ ಅಲರ್ಜಿ ಬಂದದ್ದಕ್ಕೂ ನಂಟಿದೆ ಎಂದು 2003ರ ಬ್ರಿಟಿಷ್ ಅಧ್ಯಯನವೊಂದು ತೋರಿಸಿತು. ಮೇಲಾಗಿ ಹಿಟ್ಟು ಉಜ್ಜುವುದೆಂದರೆ ಉಳಿದಿರುವ ಹೊರಪದರವನ್ನೂ ತೆಗೆಯುವುದು.

ಮುಖ, ನೆತ್ತಿ, ಮಡಿಕೆ, ಡೈಪರ್

ಬಾಯಿಯ ಸುತ್ತ, ಗಲ್ಲದ ಮೇಲೆ ಬರುವ ಉರಿಗೆ ಹೆಚ್ಚಾಗಿ ಜೊಲ್ಲೇ ಕಾರಣ. ಒದ್ದೆಯಾಗುವುದು, ಒರೆಸುವುದು, ಒಣಗುವುದು, ಮತ್ತೆ ಒದ್ದೆ. ದಿನಕ್ಕೆ ಮೂವತ್ತು ಸಲ ಹೀಗಾದರೆ ಯಾವ ಚರ್ಮವೂ ತಾಳದು. ಹಾಲು ಕುಡಿಸುವ, ತಿನ್ನಿಸುವ ಹತ್ತು ನಿಮಿಷ ಮೊದಲು ಮತ್ತು ಮಲಗಿಸುವ ಮೊದಲು ಪೆಟ್ರೋಲಿಯಂ ಜೆಲ್ಲಿಯನ್ನು ತೆಳ್ಳಗೆ ಸವರಿ, ಜೊಲ್ಲು ಅದರ ಮೇಲಿಂದ ಜಾರಿಹೋಗುತ್ತದೆ. ಒರೆಸುವಾಗ ಮೆತ್ತನೆ ಹತ್ತಿ ಬಟ್ಟೆಯನ್ನು ಒತ್ತಿ ತೆಗೆಯಿರಿ. ಒದ್ದೆಯಾದ ಬಿಬ್ಬನ್ನು ಆಗಿಂದಾಗ ಬದಲಿಸಿ.

ನೆತ್ತಿಯ ಮೇಲಿನ ಹಳದಿ ಜಿಡ್ಡುಜಿಡ್ಡಾದ ಹಕ್ಕಳೆ ಬೇರೆಯೇ ತೊಂದರೆ, ಕೆಲವು ತಿಂಗಳಲ್ಲಿ ತಾನೇ ಹೋಗುತ್ತದೆ. ತೆಗೆಯಲೇಬೇಕೆನ್ನಿಸಿದರೆ ರಾತ್ರಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ನೆನೆಸಿ, ಬೆಳಗ್ಗೆ ಮೆದು ಬ್ರಷ್ಷಿನಿಂದ ಸಡಿಲಿಸಿ ತಲೆ ತೊಳೆಯಿರಿ. ಉಗುರಿನಿಂದ ಕಿತ್ತರೆ ಸೋಂಕಿಗೆ ಬಾಗಿಲು ತೆರೆದಂತೆ.

ಕುತ್ತಿಗೆಯ ಮಡಿಕೆಗೆ ಇಳಿದ ಹಾಲು, ಬೆವರನ್ನು ದಿನಕ್ಕೆರಡು ಸಲ ನೀರಿನಲ್ಲಿ ಒರೆಸಿ, ಒಣಗಿಸಿ, ಗಾಳಿಯಾಡಲು ಬಿಡಿ. ಪೌಡರ್ ಬೇಡ. ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ, ಒದ್ದೆಯಾದರೆ ಗಂಟುಗಟ್ಟಿ ಉಜ್ಜುತ್ತದೆ. ಮಡಿಕೆಯ ಒಳಗೆ ಕಡುಕೆಂಪಾಗಿ, ಸುತ್ತ ಸಣ್ಣ ಸಣ್ಣ ಚುಕ್ಕೆ ಗುಳ್ಳೆಗಳು ಚದುರಿದ್ದರೆ ಅದು ಶಿಲೀಂಧ್ರದ ಸೋಂಕು. ಅದಕ್ಕೆ ಬೇರೆ ಮುಲಾಮು ಬೇಕು, ವೈದ್ಯರಿಗೆ ತೋರಿಸಿ. ಡೈಪರ್ ಜಾಗದಲ್ಲೂ ಇದೇ ಲೆಕ್ಕ: ಮೂತ್ರ, ಮಲ ತಾಗಿ ಆದ ಉರಿ ಉಬ್ಬಿದ ಭಾಗದಲ್ಲಿರುತ್ತದೆ, ಶಿಲೀಂಧ್ರ ಸಂದಿನೊಳಗೆ ಹೊಕ್ಕಿರುತ್ತದೆ. ಮೊದಲನೆಯದಕ್ಕೆ ಎರಡು ಮೂರು ಗಂಟೆಗೊಮ್ಮೆ, ಮಲವಾದರೆ ಕೂಡಲೇ, ಡೈಪರ್ ಬದಲಿಸಿ ಜಿಂಕ್ ಆಕ್ಸೈಡ್ ಮುಲಾಮನ್ನು ದಪ್ಪಗೆ ಹಚ್ಚಿ. ಪ್ರತಿ ಸಲವೂ ಹಳೆಯ ಪದರವನ್ನು ಉಜ್ಜಿ ತೆಗೆಯುವ ಅಗತ್ಯವಿಲ್ಲ, ಕೊಳೆಯಾದಷ್ಟು ಒರೆಸಿ ಅದರ ಮೇಲೇ ಹಚ್ಚಿದರೆ ಸಾಕು.

ಬಟ್ಟೆ, ಸೆಕೆ, ಉಗುರು

ಮೆತ್ತನೆ ಹತ್ತಿ ಬಟ್ಟೆ ಇರಲಿ, ಉಣ್ಣೆ ಚರ್ಮಕ್ಕೆ ನೇರ ತಾಗದಿರಲಿ, ಕುತ್ತಿಗೆಯ ಹಿಂದಿನ ಲೇಬಲ್ ಕತ್ತರಿಸಿ. ಹೊಸ ಬಟ್ಟೆಯನ್ನು ಒಗೆದೇ ತೊಡಿಸಿ. ಸುಗಂಧವಿಲ್ಲದ ಡಿಟರ್ಜೆಂಟನ್ನು ಹೇಳಿದ ಅಳತೆಗಿಂತ ಹೆಚ್ಚು ಹಾಕದೆ, ಒಂದು ಸಲ ಹೆಚ್ಚಿಗೆ ಜಾಲಿಸಿ. ಬಟ್ಟೆ ಮೆದುಮಾಡುವ ದ್ರಾವಣ ಬೇಡ.

ಚಳಿಯಾದೀತೆಂದು ಪದರದ ಮೇಲೆ ಪದರ ಸುತ್ತುವುದು ತುರಿಕೆಯನ್ನು ಕೆರಳಿಸುತ್ತದೆ. ಕೈಕಾಲು ತಣ್ಣಗಿರುವುದು ಶಿಶುಗಳಿಗೆ ಸಹಜ, ಮುಟ್ಟಿ ನೋಡಬೇಕಾದದ್ದು ಕತ್ತಿನ ಹಿಂಭಾಗವನ್ನು. ಅಲ್ಲಿ ಬೆವರಿದ್ದರೆ ಒಂದು ಪದರ ತೆಗೆಯಿರಿ. ಹೀಟರ್ ಅಥವಾ ಏಸಿಯ ಗಾಳಿ ನೇರವಾಗಿ ಮಗುವಿಗೆ ಬಡಿಯದಂತೆ ಹಾಸಿಗೆ ಸರಿಸಿ. ಹ್ಯೂಮಿಡಿಫೈಯರ್ ಇಟ್ಟರೆ ನೀರನ್ನು ದಿನವೂ ಚೆಲ್ಲಿ ತೊಟ್ಟಿ ತೊಳೆಯಬೇಕು, ಇಲ್ಲವಾದರೆ ಅದು ಬೂಷ್ಟನ್ನು ಕೋಣೆಯೆಲ್ಲ ಹರಡುತ್ತದೆ.

ಉಗುರನ್ನು ವಾರಕ್ಕೆರಡು ಸಲ, ಮಗು ಮಲಗಿದ್ದಾಗ ಕತ್ತರಿಸಿ ಅಂಚನ್ನು ಅರದಿಂದ ನುಣುಪು ಮಾಡಿ. ತುರಿಕೆ ಜೋರಾದಾಗ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಐದು ನಿಮಿಷ ಇಟ್ಟು, ತೆಗೆದ ಕೂಡಲೇ ಮುಲಾಮು ಹಚ್ಚಿದರೆ ಮಗು ಶಾಂತವಾಗುತ್ತದೆ. ಐಸನ್ನು ನೇರವಾಗಿ ಇಡಬೇಡಿ. ನಿದ್ದೆ ಬರಿಸುವ ಅಲರ್ಜಿ ಸಿರಪ್ಪನ್ನು ನೀವಾಗಿಯೇ ಕೊಡಬೇಡಿ.

ಕುಡಿಯುವುದು, ತಿನ್ನುವುದು

ಚರ್ಮ ಒಣಗಿದೆಯೆಂದು ಆರು ತಿಂಗಳೊಳಗಿನ ಮಗುವಿಗೆ ನೀರು ಕುಡಿಸುವುದು ಅಪಾಯ. ಹೊಟ್ಟೆ ತುಂಬಿ ಹಾಲು ಕಡಿಮೆಯಾಗುತ್ತದೆ, ರಕ್ತದ ಸೋಡಿಯಂ ಇಳಿಯಬಹುದು, ಚರ್ಮಕ್ಕಂತೂ ಏನೂ ಸಿಗುವುದಿಲ್ಲ. ಹಾಲೂಡಿಸುವ ತಾಯಿ ಒಂದೊಂದೇ ಆಹಾರ ಬಿಡುತ್ತ ಹೋಗಿ ತಾನೇ ಸೊರಗುವುದೂ ಬೇಡ. ಬಹುಪಾಲು ಒಣಚರ್ಮಕ್ಕೆ ಆಹಾರ ಕಾರಣವಲ್ಲ. ಏನಾದರೂ ತಿಂದ ಎರಡು ಗಂಟೆಯೊಳಗೆ ಗಂಧೆ, ತುಟಿಯ ಊತ, ವಾಂತಿ ಕಂಡರೆ ಮಾತ್ರ ಆ ದಿಕ್ಕಿನಲ್ಲಿ ಯೋಚಿಸಿ ವೈದ್ಯರಲ್ಲಿ ಕೇಳಿ. ಉಸಿರಾಟಕ್ಕೆ ಕಷ್ಟವಾದರೆ ತುರ್ತು ಚಿಕಿತ್ಸೆಗೆ ಓಡಬೇಕು.

ಚರ್ಮ ಚೆನ್ನಾಗಿರುವ ಮಗುವಿಗೂ ಎಕ್ಸಿಮಾ ಬಾರದಿರಲೆಂದು ಹುಟ್ಟಿದಾಗಿನಿಂದ ಮುಲಾಮು ಬಳಿಯಬೇಕೇ ಎಂದು ಕೇಳುವವರಿದ್ದಾರೆ. ಎಕ್ಸಿಮಾ ಬರುವ ಸಾಧ್ಯತೆ ಹೆಚ್ಚಿದ್ದ 1394 ಶಿಶುಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಬೀಪ್ ಪ್ರಯೋಗದಲ್ಲಿ ಅದರಿಂದ ತಡೆ ಸಿಗಲಿಲ್ಲ. ಒಣಗಿದಾಗ ಹಚ್ಚಿ, ಇಲ್ಲದಾಗ ಬಿಡಿ.

ಸ್ಟೀರಾಯ್ಡ್ ಮುಲಾಮು

ಉರಿಯೂತ ಹತ್ತಿದ ಎಕ್ಸಿಮಾಕ್ಕೆ ಬರೀ ತೇವದ ಆರೈಕೆ ಸಾಲದು. ವೈದ್ಯರು ಸಾಮಾನ್ಯವಾಗಿ ಶೇಕಡಾ 1ರ ಹೈಡ್ರೊಕಾರ್ಟಿಸೋನ್ ಎಂಬ ಸೌಮ್ಯ ಸ್ಟೀರಾಯ್ಡ್ ಬರೆಯುತ್ತಾರೆ. ಹೆದರಿ ಚಿಟಿಕೆಯಷ್ಟು ಹಚ್ಚಿದರೆ ಉರಿ ಆರದೆ, ದಿನಗಟ್ಟಲೆ ಎಳೆದು, ಕೊನೆಗೆ ಹೆಚ್ಚೇ ಹಚ್ಚಬೇಕಾಗುತ್ತದೆ. ಅಳತೆ ಹೀಗೆ: ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಒತ್ತಿದ್ದು ಸುಮಾರು ಅರ್ಧ ಗ್ರಾಂ. ಮೂರರಿಂದ ಆರು ತಿಂಗಳ ಮಗುವಿನ ಮುಖ ಮತ್ತು ಕುತ್ತಿಗೆಗೆ ಇಂಥದ್ದು ಒಂದು, ಒಂದು ಕೈಗೆ ಒಂದು, ಒಂದು ಕಾಲಿಗೆ ಒಂದೂವರೆ. ಉರಿಯಿರುವ ಕಡೆ ಮಾತ್ರ, ಹೇಳಿದಷ್ಟು ದಿನ ಮಾತ್ರ. ಇದಕ್ಕೂ ತೇವದ ಮುಲಾಮಿಗೂ ಇಪ್ಪತ್ತು ಮೂವತ್ತು ನಿಮಿಷ ಅಂತರವಿರಲಿ. ದೊಡ್ಡವರಿಗೆಂದು ತಂದ ಕ್ಲೊಬೆಟಸಾಲ್, ಬೀಟಾಮೆಥಾಸೋನ್‌ನಂಥ ಪ್ರಬಲ ಸ್ಟೀರಾಯ್ಡನ್ನು, ಅಥವಾ ಸ್ಟೀರಾಯ್ಡ್, ಆಂಟಿಬಯೋಟಿಕ್, ಶಿಲೀಂಧ್ರನಾಶಕ ಮೂರನ್ನೂ ಬೆರೆಸಿದ ಟ್ಯೂಬನ್ನು ಮಗುವಿಗೆ ಹಚ್ಚಲೇಬೇಡಿ. ಎರಡು ದಿನದಲ್ಲಿ ಗುಣ ಕಂಡಂತಾಗುತ್ತದೆ, ಚರ್ಮ ತೆಳುವಾಗಿ ನರ ಕಾಣತೊಡಗುವುದು ಆಮೇಲೆ.

ಮನೆಯ ಆರೈಕೆ ನಿಲ್ಲಿಸಿ ತೋರಿಸಬೇಕಾದದ್ದು

ಮೇಲಿನಂತೆ ಮಾಡಿದರೆ ಮೂರು ನಾಲ್ಕು ದಿನದಲ್ಲಿ ಚರ್ಮ ಮೆದುವಾಗಬೇಕು. ಎರಡು ವಾರವಾದರೂ ಇಳಿಯದಿದ್ದರೆ, ತುರಿಕೆಯಿಂದ ನಿದ್ದೆ ಕೆಟ್ಟಿದ್ದರೆ, ಮಗುವಿನ ತೂಕ ಏರದಿದ್ದರೆ ವೈದ್ಯರನ್ನು ಕಾಣಿ. ಜೇನುಬಣ್ಣದ ಹಕ್ಕಳೆ, ಕೀವು, ಬಿಸಿಯಾಗಿ ಹರಡುವ ಊತ ಕಂಡರೆ ಸೋಂಕು ತಗುಲಿದೆ, ಅದೇ ದಿನ ತೋರಿಸಿ. ಒಂದೇ ಅಳತೆಯ ಸಣ್ಣ ನೀರುಗುಳ್ಳೆಗಳು ಗುಂಪಾಗಿ ಎದ್ದು, ಒಡೆದು, ಕೊರೆದಂಥ ಹುಣ್ಣಾಗಿ, ಮಗು ನೋವಿನಿಂದ ಅಳುತ್ತಿದ್ದರೆ ಹರ್ಪಿಸ್ ವೈರಸ್ ಹರಡಿರಬಹುದು. ಇದು ತುರ್ತು, ಕಣ್ಣಿನ ಹತ್ತಿರವಿದ್ದರೆ ಇನ್ನೂ ತುರ್ತು. ತುಟಿಯ ಮೇಲೆ ಜ್ವರದ ಗುಳ್ಳೆ ಎದ್ದವರು ಮಗುವಿಗೆ ಮುತ್ತಿಡಬಾರದು ಎನ್ನುವುದು ಇದಕ್ಕೇ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಜ್ವರ ಬಂದರೆ, ಚರ್ಮ ಹೇಗೇ ಇರಲಿ, ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ಹೋಗುವಾಗ ಇಲ್ಲಿಯವರೆಗೆ ಹಚ್ಚಿದ ಡಬ್ಬ, ಟ್ಯೂಬುಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ, ಎಣ್ಣೆ ಬಾಟಲಿಯನ್ನೂ ಸೇರಿಸಿ. ದದ್ದು ಬಂದು ಹೋಗುವಂಥದ್ದಾದರೆ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆದ ಫೋಟೋಗಳಿರಲಿ. ಅವತ್ತು ಬೆಳಗ್ಗೆ ಮುಖಕ್ಕೆ ದಪ್ಪ ಮುಲಾಮು ಬಳಿಯದೆ ಕರೆದೊಯ್ದರೆ ವೈದ್ಯರಿಗೆ ಚರ್ಮ ಇದ್ದ ಹಾಗೆ ಕಾಣುತ್ತದೆ.